ಹಿಟ್ಟಿನ ಕೋಳಿಯೂ ತೆರೆಯ ಮೇಲಿನ ಪ್ರಾಣಿಯೂ

ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಯಾಗುವುದು ಹಿಟ್ಟಿನ ಕೋಳಿ. ಜೀವವಧೆಗೆ ಮನವೊಪ್ಪದ ಯಶೋಧರನು ತಾಯಿ ಚಂದ್ರಮತಿಯ ಮಾತನ್ನೂ ಮೀರಲಾರದೆ ಈ ನಡುದಾರಿಯನ್ನು ಹಿಡಿದನು. ಕತ್ತಿ ತಾಗಿದೊಡನೆ ಆ ಕೋಳಿ ಕೂಗಿತು. ತಾಯಿ ಮಗ ಇಬ್ಬರೂ ಪ್ರಾಣಿಗಳಾಗಿ ಹಲವು ಜನ್ಮ ತೊಳಲಿದರು. ಕೈಗೆ ನೆತ್ತರು ಅಂಟದಿದ್ದರೂ ಸಂಕಲ್ಪದಲ್ಲಿ ಹಿಂಸೆ ನಡೆದುಹೋಗಿತ್ತು. ಆನಿಮೇಷನ್ ಚಿತ್ರಗಳ ಇಂದಿನ ಸ್ಥಿತಿಯನ್ನು ಪರಿಶೀಲಿಸುವವರಿಗೆ ಈ ಕೋಳಿ ನೆನಪಾಗದೆ ಇರದು. ಅಲ್ಲಿ ಕಾಣುವ ಪ್ರಾಣಿಗಳೆಲ್ಲವೂ ಹಿಟ್ಟಿನವೇ ಅಲ್ಲವೆ?

ಪ್ರಾಣಿಗಳ ಮಟ್ಟಿಗೆ ಸಿನಿಮಾದ ಬೇರಾವ ಪ್ರಕಾರವೂ ಇಷ್ಟು ನಿರ್ದೋಷಿಯಲ್ಲ. ಇಲ್ಲಿ ಪಳಗಿಸುವ ಚಾಟಿಯಿಲ್ಲ, ಪಂಜರವಿಲ್ಲ. ಆದರೂ 1940ರಲ್ಲಿ ಹ್ಯಾನಾ ಮತ್ತು ಬಾರ್ಬೆರಾ ಆರಂಭಿಸಿದ, ಏಳು ಆಸ್ಕರ್‌ಗಳನ್ನು ಗಳಿಸಿದ ‘ಟಾಮ್ ಅಂಡ್ ಜೆರ್ರಿ’ ಚಿತ್ರಗಳನ್ನು ನೋಡಿರಿ. ಬೆಕ್ಕು ಜಜ್ಜಲ್ಪಡುತ್ತದೆ, ಸಿಡಿಯುತ್ತದೆ, ಮರುಕ್ಷಣ ಮೊದಲಿನಂತೆಯೇ ಎದ್ದು ಓಡುತ್ತದೆ. ಅವುಗಳ ಲಯಜ್ಞಾನ ಅಸಾಧಾರಣವಾದದ್ದು. ನಕ್ಕ ಮಗುವನ್ನು ಕ್ರೂರಿಯೆನ್ನುವುದು ಅನ್ಯಾಯವಾದೀತು. ಆದರೆ ಆ ನಗೆ ಹುಟ್ಟಬೇಕಾದರೆ ನೋವನ್ನು ಚಿತ್ರದಿಂದ ಹೊರಗಿಡಲೇಬೇಕು. ಅಲ್ಲಿ ಹಿಟ್ಟಿನ ಕೋಳಿ ಎಂದೂ ಕೂಗುವುದಿಲ್ಲ.

ಅದು ಕೂಗುವ ಚಿತ್ರವೊಂದು 2024ರಲ್ಲಿ ಬಂದಿತು: ಲಾಟ್ವಿಯದ ಗಿಂಟ್ಸ್ ಜಿಲ್ಬಾಲೋಡಿಸ್ ನಿರ್ದೇಶಿಸಿದ ‘ಫ್ಲೋ’. ಸುಮಾರು 35 ಲಕ್ಷ ಯೂರೋ ವೆಚ್ಚದಲ್ಲಿ, ಬ್ಲೆಂಡರ್ ಎಂಬ ಉಚಿತ ತಂತ್ರಾಂಶದಲ್ಲಿ ಸಿದ್ಧವಾದ ಈ ಚಿತ್ರವು 2025ರ ಮಾರ್ಚ್‌ನಲ್ಲಿ ಪಿಕ್ಸಾರ್‌ನಂತಹ ಸಂಸ್ಥೆಯ ಚಿತ್ರವನ್ನೂ ಹಿಂದಿಕ್ಕಿ ಆಸ್ಕರ್ ಪಡೆಯಿತು. ಮನುಷ್ಯರಿಲ್ಲದ ಲೋಕ, ಏರುತ್ತಿರುವ ನೀರು, ಒಂದು ದೋಣಿಯಲ್ಲಿ ಬೆಕ್ಕು, ನಾಯಿ, ಲೀಮರ್, ಕ್ಯಾಪಿಬರಾ ಮತ್ತು ಉದ್ದಕಾಲಿನ ಸೆಕ್ರೆಟರಿ ಪಕ್ಷಿ. ಮಾತು ಒಂದೂ ಇಲ್ಲ. ಕೇಳಿಬರುವುದು ನಿಜವಾದ ಪ್ರಾಣಿಗಳ ದನಿ. (ಕ್ಯಾಪಿಬರಾದ ಕೀರಲು ದನಿ ಅದರ ಶಾಂತಸ್ವಭಾವಕ್ಕೆ ಒಗ್ಗದೆ ಒಂಟೆಮರಿಯ ದನಿಯನ್ನು ಬಳಸಲಾಯಿತಂತೆ. ಸತ್ಯನಿಷ್ಠೆಗೂ ಕಲೆಯಲ್ಲಿ ಇಷ್ಟು ರಿಯಾಯಿತಿ ಇರಬೇಕೇನೋ!) ಪ್ರಾಣಿಗಳ ಮೈ ನಯವಾಗಿಲ್ಲ, ತುಪ್ಪಳ ಬಳಿದಂತಿದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೆ ನಡಿಗೆ, ಹಿಂಜರಿಕೆ, ಕಿವಿಯ ಹೊರಳು ಇವುಗಳಲ್ಲಿ ತಪ್ಪು ಹುಡುಕುವುದು ಕಷ್ಟ.

ಈ ಚಿತ್ರದ ದಯೆ ಅಗ್ಗದ್ದಲ್ಲ. ಬೆಕ್ಕನ್ನು ರಕ್ಷಿಸಹೋದ ಪಕ್ಷಿಯ ರೆಕ್ಕೆಯನ್ನು ಅದರ ಗುಂಪಿನ ನಾಯಕನೇ ಮುರಿಯುತ್ತಾನೆ. ಆ ರೆಕ್ಕೆ ಮರುಕ್ಷಣ ಕೂಡಿಕೊಳ್ಳುವುದಿಲ್ಲ. ಬೆಕ್ಕು ನೀರಿಗೆ ಧುಮುಕಿ ಮೀನು ಹಿಡಿಯಲು ಕಲಿತು, ಅದನ್ನು ಜೊತೆಗಾರರಿಗೆ ಹಂಚುತ್ತದೆ. ಹಂಚುವಿಕೆಯನ್ನು ಮೆಚ್ಚುವ ಪ್ರೇಕ್ಷಕನು ಮೀನಿನ ಸಾವನ್ನೂ ನೋಡಬೇಕಾಗುತ್ತದೆ. ಕೊನೆಗೆ ನೀರು ಇಳಿಯುತ್ತದೆ, ಒಡನಾಡಿಗಳು ಉಳಿಯುತ್ತಾರೆ. ಆದರೆ ಹಿಂದೆ ಬೆಕ್ಕನ್ನು ಮುಳುಗದಂತೆ ಕಾಪಾಡಿದ್ದ ತಿಮಿಂಗಿಲವು ಒಣನೆಲದ ಮೇಲೆ ಉಸಿರಿಗಾಗಿ ತಳಮಳಿಸುತ್ತಿರುತ್ತದೆ. ನೆಲದ ಜೀವಿಗಳನ್ನು ಬದುಕಿಸಿದ ಇಳಿತವೇ ಅದಕ್ಕೆ ಮೃತ್ಯುವಾಗಿದೆ. ಬೆಕ್ಕು ಅದಕ್ಕೆ ಮೈಯೊರೆಸಿ ನಿಲ್ಲುತ್ತದೆ, ಅದರಿಂದ ಬೇರೇನೂ ಆಗದು. ಒಂದು ಜೀವದ ಉಳಿವು ಇನ್ನೊಂದರ ಅಳಿವಿಗೆ ಎಷ್ಟು ಹತ್ತಿರವಿದೆಯೆಂಬುದನ್ನು ಇಷ್ಟು ಮಿತವಾಗಿ ತೋರಿದ ಚಿತ್ರ ಅಪರೂಪ.

ಮುಂದಿನ ದಿನಗಳ ಚಿಂತೆ ಹುಟ್ಟುವುದು ಇಲ್ಲಿಯೇ. 2016ರಲ್ಲಿ ಜಪಾನಿನ ಎನ್‌ಎಚ್‌ಕೆ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದರಲ್ಲಿ ಹಯಾವೊ ಮಿಯಾಜಾಕಿಯವರ ಮುಂದೆ, ಯಂತ್ರವೇ ಕಲಿತು ಚಲಿಸಿದ ವಿಕಾರ ದೇಹವೊಂದರ ದೃಶ್ಯವನ್ನು ಇಡಲಾಯಿತು. ತಲೆಯನ್ನು ಊರಿಕೊಂಡು ತೆವಳುವ ಆಕೃತಿ ಅದು. ವೃದ್ಧ ಕಲಾವಿದರಿಗೆ ನೆನಪಾದದ್ದು ಕೈಯೆತ್ತಲೂ ಕಷ್ಟಪಡುವ ತಮ್ಮ ವಿಕಲಚೇತನ ಮಿತ್ರರು. ಇದನ್ನು ಮಾಡಿದವರು ನೋವಿನ ಬಗೆಗೆ ಯೋಚಿಸಿಯೇ ಇಲ್ಲವೆಂದು ಅವರು ಮುಖಕ್ಕೇ ಹೇಳಿದರು. 2025ರ ಮಾರ್ಚ್‌ನಲ್ಲಿ, ಅವರ ಗಿಬ್ಲಿ ಸಂಸ್ಥೆಯ ಶೈಲಿಯನ್ನೇ ಅನುಕರಿಸಿದ ಯಂತ್ರಚಿತ್ರಗಳು ಅಂತರ್ಜಾಲವನ್ನು ತುಂಬಿದವು.

ಯಂತ್ರವನ್ನು ದೂಷಿಸುವುದು ಸುಲಭ. ‘ಫ್ಲೋ’ ಕೂಡ ಗಣಕಯಂತ್ರದ ಕೂಸೇ. ಭೇದವಿರುವುದು ಸಂಕಲ್ಪದಲ್ಲಿ. ರೆಕ್ಕೆ ಮುರಿಯಬೇಕೆಂದು, ಅದು ಮುರಿದೇ ಇರಬೇಕೆಂದು ಅಲ್ಲಿ ಒಬ್ಬನು ನಿರ್ಧರಿಸಿದ್ದಾನೆ. ಅದರ ಹೊಣೆಯೂ ಅವನದೇ. ನಾಲ್ಕು ಸಾಲಿನ ಆದೇಶಕ್ಕೆ ನೂರು ಗಾಯಗೊಂಡ ಹಕ್ಕಿಗಳನ್ನು ಉಗುಳುವ ಯಂತ್ರದ ಮುಂದೆ ಕುಳಿತವನು, ಅವುಗಳಲ್ಲಿ ಒಂದರ ಮುಖವನ್ನಾದರೂ ನೋಡಿರುತ್ತಾನೆಯೇ? ಹಿಟ್ಟು ನಾದಿದವರು, ಕತ್ತಿ ಎತ್ತಿದವರು ಯಾರೆಂಬುದು ಯಶೋಧರನ ಕಥೆಯಲ್ಲಿ ಸ್ಪಷ್ಟವಾಗಿತ್ತು.

‘ಫ್ಲೋ’ದಲ್ಲಿ ಹೆಸರುಗಳ ಪಟ್ಟಿ ಮುಗಿದ ಮೇಲೆ, ಕಡಲಲ್ಲಿ ತಿಮಿಂಗಿಲವೊಂದು ಮೇಲೆದ್ದು ಬರುವ ದೃಶ್ಯವಿದೆ. ವಿಮರ್ಶಕನ ದೃಷ್ಟಿಯಲ್ಲಿ ಅದು ದೌರ್ಬಲ್ಯವೇ. ಅಷ್ಟು ಧೈರ್ಯದಿಂದ ಕಟ್ಟಿದ ದುಃಖವನ್ನು ಅದು ಸಡಿಲಿಸುತ್ತದೆ. ಆದರೂ ಅದು ಪ್ರಾಣಿಯನ್ನು ಹಾಗೆಯೇ ಬಿಟ್ಟುಬರಲಾರದ ಒಬ್ಬ ಮನುಷ್ಯನ ದೌರ್ಬಲ್ಯ.