ಹಳಿ ನೋಡಿಯೇ ಊಹಿಸಿದವರು
ಅಮೆರಿಕದ ಒಹಾಯೊ ರಾಜ್ಯದ ಈರಿ ಸರೋವರದ ದಂಡೆಗಿರುವ ಸೀಡರ್ ಪಾಯಿಂಟ್ ಪಾರ್ಕು, 1991ರ ಮರದ ರೋಲರ್ ಕೋಸ್ಟರ್ ‘ಮೀನ್ ಸ್ಟ್ರೀಕ್’ ಅನ್ನು 2016ರಲ್ಲಿ ನಿಲ್ಲಿಸಿತು. ಮುಂದೇನೆಂದು ಬಾಯಿಬಿಡಲಿಲ್ಲ. ಅಭಿಮಾನಿಗಳು ಸುಮ್ಮನೆ ಕೂರುತ್ತಾರೆಯೇ? ಹಳೆಯ ಮರದ ಕಟ್ಟು ಬಹುಪಾಲು ಉಳಿದಿದೆ, ಅದರ ಮೇಲೆ ಉಕ್ಕಿನ ಹಳಿ ಏರುತ್ತಿದೆ. ಅಂದಮೇಲೆ ಇದು ಇಂಥ ಕೆಲಸಕ್ಕೇ ಹೆಸರಾದ ಐಡಹೊದ ರಾಕಿ ಮೌಂಟನ್ ಕಂಪನಿಯ ಕೈಚಳಕವೇ ಸರಿ! ಹಳಿ ಎಷ್ಟು ವಾಲಿದೆ, ಎಲ್ಲಿ ತಿರುಚಿದೆ ಎಂಬುದನ್ನು ನೋಡಿಯೇ ಬಂಡಿ ತಲೆಕೆಳಗಾಗುವ ಜಾಗವನ್ನು ಲೆಕ್ಕ ಹಾಕಬಲ್ಲ ಜನ ಈ ಅಭಿಮಾನಿಗಳು. ಹತ್ತುವ ಮೊದಲೇ ಹಳಿಯನ್ನು ಓದುವ ಈ ಶ್ರದ್ಧೆ ನನಗೆ ಬಲು ಇಷ್ಟ. ಊಹೆ ನಿಜವಾಯಿತು; 2018ರಲ್ಲಿ ಅದೇ ಕಟ್ಟಿನ ಮೇಲೆ ‘ಸ್ಟೀಲ್ ವೆಂಜನ್ಸ್’ ಬಂತು: 205 ಅಡಿ ಎತ್ತರ, ಗಂಟೆಗೆ ಸುಮಾರು 119 ಕಿ.ಮೀ. ವೇಗ, ನಾಲ್ಕು ಸಲ ತಲೆಕೆಳಗು. ಸೀಟಿನಿಂದ ಮೈ ಮೇಲೇಳುವ ಕ್ಷಣಗಳನ್ನೆಲ್ಲ ಕೂಡಿದರೆ 27 ಸೆಕೆಂಡು!