ಮೆರವಣಿಗೆಯ ಕಾರು

ಹೋದ ವರ್ಷ ಯುಗಾದಿಗೆ ಬಂದಿದ್ದ ನಮ್ಮಕ್ಕನ ಮಗ ಒಬ್ಬಟ್ಟು ಮುಗಿಸಿ ಕೈ ತೊಳೆದವನೇ ಮೊಬೈಲು ತೆಗೆದು ನನ್ನ ಮುಂದೆ ಹಿಡಿದ. ‘ಚಿಕ್ಕಮ್ಮ, ಈ ಕಾರು ಹೆಂಗಿದೆ ನೋಡಿ ಹೇಳಿ’ ಎಂದ. ಕೆಂಪು ಬಣ್ಣದ, ಮಾಡಿಲ್ಲದ, ಉದ್ದನೆಯ ಹಳೆಯ ಅಮೆರಿಕನ್ ಕಾರು. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಕಾರು ಕೊಳ್ಳುವವನಿಗೆ ನನ್ನ ಅಭಿಪ್ರಾಯ ಯಾಕೆ ಬೇಕು ಎಂದು ನೀವು ಕೇಳಬಹುದು. ದುಡ್ಡು ಅವನದಲ್ಲ. ಮಾಲೂರು ಕಡೆಯ ನಮ್ಮಪ್ಪನ ಹೊಲ ಲೇಔಟಿನವರ ಪಾಲಾಗುತ್ತಿದೆ, ಅಕ್ಕನ ಭಾಗಕ್ಕೆ ಬರುವ ಹಣಕ್ಕೆ ಅಕ್ಕನ ಸಹಿ ಬೇಕು, ಅಕ್ಕ ನನ್ನ ಮಾತು ಕೇಳುತ್ತಾಳೆ. ಲೆಕ್ಕ ಇಷ್ಟೇ. ಕಾರನ್ನು ಮದುವೆಗಳಿಗೆ ಬಾಡಿಗೆಗೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಅಸಲು ವಾಪಸ್ಸು ಬರುತ್ತದೆ ಎಂದು ಅವನು ಬೆರಳು ಮಡಚಿ ಹೇಳಿದ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ.

ಅವಳು ಯಾಕೆ ಸುಮ್ಮನಿದ್ದಳೆಂದು ನನಗೆ ಗೊತ್ತು. 1979ರಲ್ಲಿ ಅವಳ ಮದುವೆ ಮಾಲೂರಿನ ಒಂದು ಛತ್ರದಲ್ಲಿ ನಡೆಯಿತು. ನಾನಾಗ ನಾಲ್ಕನೇ ಕ್ಲಾಸು. ಮಾತುಕತೆಯೆಲ್ಲ ಮುಗಿದು ತಾಂಬೂಲ ಬದಲಾಯಿಸುವ ಹೊತ್ತಿಗೆ ಗಂಡಿನ ಕಡೆಯ ಹಿರಿಯರೊಬ್ಬರು, ಜಾನವಾಸಕ್ಕೆ ಓಪನ್ ಕಾರು ಇರಲೇಬೇಕು, ನಮ್ಮ ಮನೆತನದಲ್ಲಿ ಹಾಗೇ ನಡೆದುಕೊಂಡು ಬಂದಿದೆ ಎಂದರು. ನಮ್ಮಪ್ಪ ಒಂದು ಜೊತೆ ಎತ್ತು ಮಾರಿದರು. ಬೆಂಗಳೂರಿನಿಂದ ಕಾರು ಬಂತು. ಮುಂದೆ ನಾಗಸ್ವರ, ಎರಡು ಕಡೆ ತಲೆಯ ಮೇಲೆ ಗ್ಯಾಸ್‌ಲೈಟು ಹೊತ್ತ ಹೆಂಗಸರು, ನಡುವೆ ಸೂಟು ಹಾಕಿಕೊಂಡು ಬೆವರುತ್ತಿದ್ದ ಭಾವ. ಕಾರಿಗೆ ನಡಿಗೆಯ ವೇಗದಲ್ಲಿ ಹೋಗುವ ಅಭ್ಯಾಸವಿಲ್ಲ, ಎಂಜಿನ್ನು ಕಾದು ನಡುಬೀದಿಯಲ್ಲೇ ನಿಂತುಬಿಟ್ಟಿತು. ನಮ್ಮ ಕಡೆಯವರು ಹಿಂದಿನಿಂದ ತಳ್ಳಿದರು. ತಳ್ಳುತ್ತಿದ್ದ ಅಪ್ಪನ ಬಿಳಿ ಪಂಚೆಯ ಮೇಲೆ ಕರೀ ಹೊಗೆ. ಅಕ್ಕನಂತೂ ಆ ಕಾರನ್ನು ನೋಡಲೇ ಇಲ್ಲ, ಹೆಣ್ಣಿಗೆ ಜಾನವಾಸದಲ್ಲಿ ಏನು ಕೆಲಸ, ಒಳಗೆ ಕೂತಿದ್ದಳು. ಎತ್ತಿಲ್ಲದೆ ಎರಡು ವರ್ಷ ಬಾಡಿಗೆಯ ನೇಗಿಲಿನಲ್ಲಿ ರಾಗಿ ಬಿತ್ತಿದ್ದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತು.

ಆದ್ದರಿಂದ ಈ ಕಾರುಗಳ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ನೋಡದೆ ಬೈಯುವುದು ಮೇಷ್ಟ್ರ ಕೆಲಸ ಮಾಡುವವಳಿಗೆ ಒಪ್ಪುವುದಿಲ್ಲ. ಓದದೆ ಉತ್ತರಪತ್ರಿಕೆಗೆ ಸೊನ್ನೆ ಹಾಕಿದ ಹಾಗಾಗುತ್ತದೆ. ಒಂದು ಭಾನುವಾರ ಹೋಗಿ ನೋಡಿಯೇ ಬರೋಣ ಎಂದೆ. ಜೊತೆಗೆ ನಮ್ಮ ಬೀದಿಯ ಆಚಾರ್ರನ್ನು ಕರೆದೆ. ಶಿವಾರಪಟ್ಟಣದಲ್ಲಿ ಬೆಳೆದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಇಲ್ಲಿ ತಲೆಮಾರುಗಳಿಂದ ಕಲ್ಲು ಕೆತ್ತುವ ಮನೆಗಳಿವೆ, ನಮ್ಮ ಶಾಲೆಯಲ್ಲಿ ಪಾಠ ಮಾಡುವಾಗಲೂ ಕಿಟಕಿಯಿಂದ ಚಾಣದ ಸದ್ದು ಬರುತ್ತಿರುತ್ತದೆ. ಯಾವುದೇ ವಸ್ತುವಿನ ಮೈ ನೋಡಬೇಕಾದರೆ ಈ ಜನರ ಕಣ್ಣಿಗಿಂತ ಒಳ್ಳೆಯ ಕಣ್ಣು ನನಗೆ ಗೊತ್ತಿಲ್ಲ.

ಹೋಗುವ ಮೊದಲು ನಾನೂ ಒಂದಿಷ್ಟು ಓದಿಕೊಂಡೆ. ಜನರಲ್ ಮೋಟಾರ್ಸ್‌ನವರು 1928ರಿಂದಲೇ ಬೊಂಬಾಯಿಯಲ್ಲಿ ಷೆವ್ರೊಲೆ ಕಾರುಗಳನ್ನು ಜೋಡಿಸುತ್ತಿದ್ದರು. ಸ್ವಾತಂತ್ರ್ಯ ಬಂದ ಕಾಲಕ್ಕೆ ಕುರ್ಲಾದ ಪ್ರೀಮಿಯರ್ ಕಾರ್ಖಾನೆಯಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಣೆಯಾಗುತ್ತಿದ್ದವು. ಬಿಡಿಭಾಗಗಳನ್ನೂ ಇಲ್ಲೇ ತಯಾರಿಸಬೇಕೆಂದು ಸರ್ಕಾರ ಹಟ ಹಿಡಿದ ಮೇಲೆ 1954ರಲ್ಲಿ ಜನರಲ್ ಮೋಟಾರ್ಸ್ ತನ್ನ ಜೋಡಣೆ ನಿಲ್ಲಿಸಿತು. ಆಮೇಲೆ ನಮಗೆ ಸಿಕ್ಕಿದ್ದು ಅಂಬಾಸಿಡರ್ ಮತ್ತು ಫಿಯೆಟ್. ದೊಡ್ಡ ಮನೆಗಳ ಅಮೆರಿಕನ್ ಕಾರುಗಳು ಪೆಟ್ರೋಲು ಕುಡಿದು ಕುಡಿದು ಯಜಮಾನರಿಗೆ ಭಾರವಾದವು. ಕೈಯಿಂದ ಕೈಗೆ ದಾಟಿ, ಕೆಲವು ಟ್ಯಾಕ್ಸಿಯಾಗಿ, ಕೆಲವು ಮದುವೆ ಮೆರವಣಿಗೆಗೆ ಬಂದು ಸೇರಿದವು. ಅಕ್ಕನ ಮದುವೆಗೆ ಬಂದದ್ದು ಅಂಥದೇ ಒಂದು ವಿಧವೆ ಕಾರು ಇರಬೇಕು.

ಶೆಡ್ಡಿನಲ್ಲಿ ಎರಡು ಕಾರುಗಳಿದ್ದವು. ಮೊಬೈಲಿನಲ್ಲಿ ನೋಡಿದ ಕೆಂಪಿನದು 1951ರ ಷೆವ್ರೊಲೆ. ಮುಖ ನೋಡಿಕೊಳ್ಳುವಷ್ಟು ಹೊಳಪು. ಒಳಗೆ ಹೊಸ ರೆಕ್ಸಿನ್ ಸೀಟು, ಹಾಡು ಕೇಳಲು ಹೊಸ ಪೆಟ್ಟಿಗೆ. ಮೂಲೆಯಲ್ಲಿದ್ದ ಇನ್ನೊಂದು 1948ರ ಪ್ಲಿಮತ್. ಬಣ್ಣ ಒಂದು ಕಾಲಕ್ಕೆ ಹಸಿರಿದ್ದಿರಬೇಕು, ಈಗ ನೆನೆದ ವೀಳ್ಯದೆಲೆಯ ಹಾಗೆ ಮಂಕು. ಕ್ಯಾನ್ವಾಸ್ ಟಾಪು ಎರಡು ಕಡೆ ಹರಿದಿತ್ತು. ನಮ್ಮ ಹುಡುಗ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಆಚಾರ್ರು ಕೆಂಪು ಕಾರನ್ನು ಒಂದು ಸುತ್ತು ಹಾಕಿದರು. ಆಮೇಲೆ ಬೆರಳಿನ ಗೆಣ್ಣಿನಿಂದ ಬಾಗಿಲ ಕೆಳಗೆ, ಚಕ್ರದ ಮೇಲೆ ಮೆಲ್ಲಗೆ ಕುಟ್ಟುತ್ತ ಬಂದರು. ಕಲ್ಲು ಆರಿಸುವಾಗ ಮಾಡುವುದೂ ಇದನ್ನೇ. ಒಳಗೆ ಬಿರುಕಿಲ್ಲದ ಕಲ್ಲು ಗಂಟೆಯ ಹಾಗೆ ನುಡಿಯುತ್ತದೆ. ಶಿಲ್ಪಶಾಸ್ತ್ರದವರು ಆ ನಾದ ಕೇಳಿ ಕಲ್ಲಿನಲ್ಲೂ ಗಂಡು, ಹೆಣ್ಣು, ನಪುಂಸಕ ಎಂದು ಜಾತಿ ಮಾಡಿ, ಗಂಡುಕಲ್ಲಿಗೇ ಗಟ್ಟಿನಾದವನ್ನು ಕೊಟ್ಟಿದ್ದಾರೆ. ಅದರ ಬಗ್ಗೆ ನನಗೂ ಆಚಾರ್ರಿಗೂ ಬೇರೆ ಜಗಳವಿದೆ, ಇಲ್ಲಿ ಬೇಡ. ಬಾಗಿಲ ನಡುವೆ ಟಣ್ ಎಂದ ತಗಡು ಕೆಳಗೆ ಬರುತ್ತ ಬರುತ್ತ ತೊಪ್ ತೊಪ್ ಎನ್ನತೊಡಗಿತು. ‘ಟೀಚರಮ್ಮಾ, ಇಲ್ಲೆಲ್ಲ ಲಪ್ಪ ಮೆತ್ತವ್ರೆ’ ಎಂದರು. ತುಕ್ಕು ತಿಂದ ಜಾಗಕ್ಕೆ ಟಿಂಕರಿಂಗಿನವರು ಮೆತ್ತುವ ಲಪ್ಪ. ನಾನು ವಿಜ್ಞಾನದ ಪಾಠಕ್ಕಿಟ್ಟುಕೊಂಡಿದ್ದ ಅಯಸ್ಕಾಂತವನ್ನು ಕರವಸ್ತ್ರದಲ್ಲಿ ಸುತ್ತಿ ತಂದಿದ್ದೆ, ಬಣ್ಣಕ್ಕೆ ಗೀರು ಬೀಳಬಾರದಲ್ಲ. ಮೇಲೆ ಕಚ್ಚಿಕೊಂಡದ್ದು ಕೆಳಗೆ ಜಾರಿ ಕೈಗೆ ಬಂತು.

ಇನ್ನೊಂದು ಸಂಗತಿ ನನ್ನ ಕಣ್ಣಿಗೇ ಬಿತ್ತು. ಅದಕ್ಕೆ ನಾಲ್ಕು ಬಾಗಿಲು. ಆ ಕಾಲದ ಅಮೆರಿಕನ್ ಓಪನ್ ಕಾರುಗಳು ಹೆಚ್ಚುಕಡಿಮೆ ಎಲ್ಲವೂ ಎರಡು ಬಾಗಿಲಿನವು. ಮಾಡು ಎಂಬುದು ಕಾರಿಗೆ ಮಳೆ ತಡೆಯುವ ಕೊಡೆ ಮಾತ್ರ ಅಲ್ಲ, ಮುಂದನ್ನೂ ಹಿಂದನ್ನೂ ಬಿಗಿಹಿಡಿದ ತೊಲೆಯೂ ಹೌದು. ಅದನ್ನು ಬಿಟ್ಟು ಕಾರು ಮಾಡುವಾಗ ಕಂಪನಿಯವರು ಅಡಿಯ ಚೌಕಟ್ಟಿಗೆ ಹೆಚ್ಚಿನ ಉಕ್ಕು, ಬಹಳ ಕಾರುಗಳಲ್ಲಿ ಎಕ್ಸ್ ಆಕಾರದ ಅಡ್ಡತೊಲೆ, ಕೂಡಿಸುತ್ತಿದ್ದರು. ಈ ಕೆಂಪು ಕಾರು ಮಾಡಿದ್ದ ಕಾರೇ. ಮೆರವಣಿಗೆಗೆ ಬೇಕೆಂದು ಯಾರೋ ಮಾಡನ್ನು ಗರಗಸದಲ್ಲಿ ಕೊಯ್ದಿದ್ದಾರೆ. ಅದಕ್ಕೇ ಬಾಗಿಲ ಸಂದು ಮೇಲೆ ಉಗುರೂ ಹೋಗದಷ್ಟು, ಕೆಳಗೆ ಒಂದು ಬೆರಳಿನಷ್ಟು. ಬೆನ್ನುಮೂಳೆ ಬಗ್ಗಿದೆ ಎಂದು ಅರ್ಥ. ಹಳೆಯ ಓಪನ್ ಕಾರು ಕೊಳ್ಳುವವರು ಬಣ್ಣ ನೋಡುವ ಮೊದಲು ಈ ಸಂದನ್ನು ನೋಡಬೇಕು.

ಪ್ಲಿಮತ್ತಿನ ಹತ್ತಿರ ಆಚಾರ್ರು ಬಹಳ ಹೊತ್ತು ನಿಂತರು. ಅದರ ಬಾನೆಟ್ಟಿನ ಮೂತಿಯ ಮೇಲೆ ಒಂದು ಪುಟ್ಟ ಹಾಯಿಹಡಗು ಇದೆ, ಪ್ಲಿಮತ್ ಕಂಪನಿಯ ಗುರುತು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ಕರೆದೊಯ್ದ ಮೇಫ್ಲವರ್ ಹಡಗು ಅದು, ನಾನು ಸಮಾಜ ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ, ಅಚ್ಚುಹಾಕಿದ ರೂಪದಲ್ಲಿ ನೋಡಿದ್ದು ಇದೇ ಮೊದಲು. ಕ್ರೋಮಿನ ಮೇಲೆ ಸಿಡುಬಿನ ಕಲೆಯ ಹಾಗೆ ಚುಕ್ಕಿಗಳೆದ್ದಿದ್ದರೂ ಹಾಯಿಯ ಉಬ್ಬು ಹಾಗೇ ಇತ್ತು. ಬಾಗಿಲು ಎರಡೇ, ಸಂದು ಮೇಲಿಂದ ಕೆಳಗೆ ಒಂದೇ ಸಮ. ಕುಟ್ಟಿದಲ್ಲೆಲ್ಲ ತಗಡಿನ ಸದ್ದು. ಟಾಪು ತಾನಾಗಿ ಏರಿಳಿಯುವ ಏರ್ಪಾಡು ಅಮೆರಿಕದಲ್ಲಿ ಮೊದಲು ಬಂದದ್ದು 1939ರ ಪ್ಲಿಮತ್ತಿಗೇ, ಇದರಲ್ಲೂ ಆ ಯಂತ್ರವಿದೆ, ಕೆಲಸ ಮಾಡುವುದಿಲ್ಲ. ಕಾಲಿಡುವ ಜಾಗದ ಹಾಸು ಎತ್ತಿ ನೋಡಬೇಕೆಂದೆ. ಹರಿದ ಟಾಪಿನಿಂದ ಇಳಿದ ನೀರು ಮೊದಲು ನಿಲ್ಲುವುದು ಅಲ್ಲಿಯೇ. ಹಾಸು ಅಂಟಿಕೊಂಡಿದೆ ಮೇಡಂ, ಎತ್ತಿದರೆ ಹರಿಯುತ್ತೆ ಎಂದರು. ಎಂಜಿನ್ನು ಶುರು ಮಾಡಿ ತೋರಿಸಿದರು, ಆರು ಸಿಲಿಂಡರ್, 95 ಅಶ್ವಶಕ್ತಿ, ಹೊಲಿಗೆ ಯಂತ್ರದಷ್ಟು ಮೆತ್ತಗಿನ ಸದ್ದು.

ಇಲ್ಲಿ ನನ್ನ ತಕರಾರು ಹೇಳಬೇಕು. ಹಳೆಯ ಕಾರುಗಳ ಪ್ರದರ್ಶನ ಎಲ್ಲೇ ನಡೆಯಲಿ, ಜನ ಮೆಚ್ಚುವುದು ಹೊಳಪನ್ನು. ಹಳೆಯ ಕಾರು ಹೊಸದಾಗಿ ಕಾಣಬೇಕು ಎಂಬುದು ಎಂಥ ಆಸೆ? ಅಜ್ಜಿಯ ಮೊಳಕಾಲ್ಮೂರು ಸೀರೆಗೆ ಹೊಸ ಬಣ್ಣ ಹಾಕಿಸಿ, ಹೊಸ ಜರಿ ಕೂರಿಸಿ, ಇದು ಅಜ್ಜಿಯ ಸೀರೆ ಎಂದು ಉಟ್ಟರೆ ಯಾವ ಹೆಂಗಸಾದರೂ ಒಳಗೇ ನಗುತ್ತಾಳೆ. ಮಡಿಕೆಯ ಗೆರೆ, ಒಂದು ಕಡೆ ಕುಂಕುಮದ ಕಲೆ ಇದ್ದರೇ ಅದು ಅಜ್ಜಿಯದು. ಆದರೆ ಜರಿ ಹರಿಯುತ್ತಿದ್ದರೆ ಹಿಂದಿನಿಂದ ಬಟ್ಟೆ ಕೊಟ್ಟು ಹೊಲಿಯುತ್ತೇವೆ, ಇದ್ದದ್ದನ್ನು ಉಳಿಸಲು. ಉಳಿಸುವುದಕ್ಕೂ ಹೊಸದು ಮಾಡುವುದಕ್ಕೂ ಇರುವ ಈ ವ್ಯತ್ಯಾಸ ಪೆಟ್ಟಿಗೆಯಲ್ಲಿ ಸೀರೆ ಇಟ್ಟವರಿಗೆಲ್ಲ ಗೊತ್ತು, ಕಾರಿನ ಗಂಡಸರಿಗೆ ಮಾತ್ರ ಹೇಳಿಕೊಡಬೇಕಾಗಿದೆ.

ಆಚಾರ್ರು ಇದನ್ನು ಪೂರ್ತಿ ಒಪ್ಪಲಿಲ್ಲ. ಭಿನ್ನವಾದ ವಿಗ್ರಹಕ್ಕೆ ಅವರಲ್ಲಿ ಅಂಟು ಹಚ್ಚುವ ಪದ್ಧತಿಯಿಲ್ಲ. ನೀರಿಗೆ ಬಿಟ್ಟು ಹೊಸದು ಕೆತ್ತುತ್ತಾರೆ. ‘ಪೂಜೆಗಾದ್ರೆ ಹೊಸದು, ಮ್ಯೂಸಿಯಮ್ಮಿಗಾದ್ರೆ ಮೂಗು ಒಡೆದಿದ್ರೂ ಹಳೇದೇ. ಎರಡನ್ನೂ ಬೆರೆಸಬಾರ್ದು’ ಎಂದರು. ಹಾಗಾದರೆ ಕಾರು ಪೂಜೆಗೋ ಮ್ಯೂಸಿಯಮ್ಮಿಗೋ ಎಂದು ಕೇಳಿದೆ. ಉತ್ತರ ಕೊಡದೆ ಪ್ಲಿಮತ್ತಿನ ಹಿಂಬದಿಯ ಇಳಿಜಾರಿನ ಮೇಲೆ ಅಂಗೈ ಇಟ್ಟು ಸವರಿದರು. ಇದರ ರೂಪ ಮಾಡಿದವನು ಜೇಡಿಮಣ್ಣು ಮೆತ್ತಿ ಮಾಡಿರಬೇಕು, ಗೆರೆ ಎಳೆದು ಬರುವಂಥದಲ್ಲ ಇದು ಎಂದರು. ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಕಾರಿನ ಪೂರ್ಣ ಆಕಾರವನ್ನು ಮೊದಲು ಜೇಡಿಮಣ್ಣಿನಲ್ಲಿ ಮಾಡಿ ನೋಡುವ ರೂಢಿಯನ್ನು ಅಮೆರಿಕದ ಕಾರ್ಖಾನೆಗಳಲ್ಲಿ ಬೇರೂರಿಸಿದವನು ಹಾರ್ಲಿ ಅರ್ಲ್. 1927ರಲ್ಲಿ ಜನರಲ್ ಮೋಟಾರ್ಸ್‌ಗೆ ಸೇರಿದವನು. ಅದೇ ಅರ್ಲ್‌ನ ಕಾಲದಲ್ಲಿ 1948ರ ಕ್ಯಾಡಿಲಾಕ್‌ಗೆ ಯುದ್ಧವಿಮಾನ ನೋಡಿ ಸಣ್ಣ ಬಾಲದ ರೆಕ್ಕೆ ಬಂತು, 1959ರ ಹೊತ್ತಿಗೆ ಅದು ಎಷ್ಟು ಬೆಳೆಯಿತೆಂದರೆ ಮೊಬೈಲಿನಲ್ಲಿ ಆ ಚಿತ್ರ ತೋರಿಸಿದಾಗ ಆಚಾರ್ರು ‘ತಾಳಮಾನ ತಪ್ಪೋಗೈತೆ’ ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಲೋಕವೆಲ್ಲ ಕೊಂಡಾಡುವ ಕಾರು ಅದು. ನನ್ನ ಮತ ಆಚಾರ್ರ ಕಡೆಗೆ.

ವಾಪಸ್ಸು ಬರುವಾಗ ಹುಡುಗನ ಮುಖ ಸಣ್ಣಗಾಗಿತ್ತು. ಹಳೆಯ ಕಾರಿಗೆ ಬೆಲೆ ಏರುತ್ತಲೇ ಇರುತ್ತದೆ ಚಿಕ್ಕಮ್ಮ ಎಂದು ಇನ್ನೊಂದು ವಾದ ಹೂಡಿದ. 1976ರಲ್ಲಿ ಕ್ಯಾಡಿಲಾಕ್ ಎಲ್ಡೊರಾಡೊವನ್ನು ಇದೇ ಕೊನೆಯ ಅಮೆರಿಕನ್ ಓಪನ್ ಕಾರು ಎಂದು ಸಾರಿ 14,000 ಕಾರು ಮಾಡಿದರು. ಮುಂದೆ ಬೆಲೆ ಬರುತ್ತದೆಂದು ಕೊಂಡು ಮುಚ್ಚಿಟ್ಟವರು ಬಹಳ. 1982ಕ್ಕೆ ಕ್ರೈಸ್ಲರ್ ಮತ್ತೆ ಓಪನ್ ಕಾರು ತಂದಿತು, 1984ಕ್ಕೆ ಕ್ಯಾಡಿಲಾಕ್ ಕಂಪನಿಯೇ ತಂದಿತು. ಮುಚ್ಚಿಟ್ಟವರು ಕೋರ್ಟಿಗೆ ಹೋದರು. ಇದನ್ನು ಹೇಳಿದೆ. ಕಾನೂನನ್ನೂ ಹೇಳಿದೆ. 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಚೌಕಟ್ಟು, ಮೈ, ಎಂಜಿನ್ನು ಬದಲಾಗದ ಗಾಡಿಯನ್ನು ಮಾತ್ರ ವಿಂಟೇಜ್ ಎಂದು ನೋಂದಾಯಿಸುತ್ತಾರೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಪ್ರದರ್ಶನಕ್ಕೆ, ರ್‍ಯಾಲಿಗೆ, ಪೆಟ್ರೋಲಿಗೆ, ರಿಪೇರಿಗೆ ರಸ್ತೆಗಿಳಿಸಬಹುದು, ದಿನದ ಓಡಾಟಕ್ಕೂ ವ್ಯಾಪಾರಕ್ಕೂ ಇಲ್ಲ. ಅಂದರೆ ಮಾಡು ಕೊಯ್ದ ಕೆಂಪು ಕಾರು ವಿಂಟೇಜ್ ಆಗುವುದಿಲ್ಲ, ಪ್ಲಿಮತ್ತನ್ನು ವಿಂಟೇಜ್ ಮಾಡಿದರೆ ಮದುವೆ ಬಾಡಿಗೆಗೆ ಬಿಡುವ ಹಾಗಿಲ್ಲ. ಅವನ ಬೆರಳಿನ ಲೆಕ್ಕ ಅಲ್ಲಿಗೆ ಮುಗಿಯಿತು.

ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು ತೆರೆದಿರುವ ‘ಪಯಣ’ ಕಾರು ಸಂಗ್ರಹಾಲಯಕ್ಕೆ ಹೋಗಿ ನೋಡು, ಆಸೆ ತೀರುತ್ತದೆ ಎಂದೆ. ಅಲ್ಲಿ ಮುಟ್ಟೋ ಹಾಗಿಲ್ಲವಲ್ಲ ಎಂದ. ಆ ಮಾತು ನನಗೆ ತಾಗಿತು. ಅಂಗೈ ಇಟ್ಟು ಸವರಿದ ಆಚಾರ್ರನ್ನು ಅವನೂ ನೋಡಿದ್ದ.

ಮನೆಗೆ ಬಂದಾಗ ಅಕ್ಕ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ಎಲ್ಲ ಕೇಳಿ, ಎರಡೂ ಕಾರಿನ ಫೋಟೋ ನೋಡಿದಳು. ಕೆಂಪಿನದರ ಮೇಲೆ ಕಣ್ಣು ನಿಲ್ಲಲಿಲ್ಲ. ಪ್ಲಿಮತ್ತಿನ ಹಿಂದಿನ ಸೀಟನ್ನು ದೊಡ್ಡದು ಮಾಡಿ ತೋರಿಸು ಎಂದಳು. ‘ಆವತ್ತಿನದೂ ಹಿಂಗೇ ಇತ್ತಾ?’ ಎಂದು ನನ್ನ ಕೇಳಿದಳು. ನೆನಪಿಲ್ಲಕ್ಕಾ ಎಂದೆ. ನನಗೆ ನೆನಪಿದ್ದದ್ದು ಅಪ್ಪನ ಪಂಚೆ.

‘ಈ ಹರಿದ ಟಾಪಿನದಾದ್ರೆ ಸಹಿ ಹಾಕ್ತೀನಿ’ ಎಂದಳು ಮಗನಿಗೆ. ‘ಬಣ್ಣ ಬಳಿಸಬೇಡ. ಯಾರ ಮದುವೆಗೂ ಕೊಡಬೇಡ, ನಿನ್ನ ಮಗನದಾದ್ರೂ ಸರಿ.’ ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, ‘ಒಂದ್ಸಲ ಕೋಲಾರಮ್ಮನ ಗುಡಿಗೆ ಕರ್ಕೊಂಡೋಗು, ಹಿಂದಿನ ಸೀಟಲ್ಲಿ ನಾನೂ ನಿಮ್ಮ ಚಿಕ್ಕಮ್ಮನೂ ಕೂತ್ಕೊತೀವಿ’ ಎಂದಳು. ಗುಡಿಗೆ ಹೋಗುವುದು ರ್‍ಯಾಲಿಯೋ ಪ್ರದರ್ಶನವೋ ನಿಯಮದಲ್ಲಿ ಹುಡುಕಬೇಕು.

ಬೆಲೆ ಇನ್ನೂ ಕುದುರಿಲ್ಲ. ಅಷ್ಟು ದುಡ್ಡಿನಲ್ಲಿ ಊರಿನಲ್ಲಿ ಒಂದು ಮನೆ ಕಟ್ಟಬಹುದು ಎಂಬ ನನ್ನ ಮಾತನ್ನು ತಾಯಿ ಮಗ ಇಬ್ಬರೂ ಕೇಳಿಸಿಕೊಂಡಿಲ್ಲ. ಮಳೆಗಾಲ ಕಳೆಯಲಿ, ಅಂಟಿದ ಹಾಸು ಎತ್ತಿಸಿ ತಳ ನೋಡೋಣ, ಅಲ್ಲಿವರೆಗೂ ಅಡ್ವಾನ್ಸು ಕೊಡೋದು ಬೇಡ ಎಂದು ಆಚಾರ್ರು ಹೇಳಿಕಳಿಸಿದ್ದಾರೆ.