ಕತೆಯ ಕೊನೆಗೆ ಸಾಯುವ ರೋಗಿ

ಏಡ್ಸ್ ಕುರಿತ ನಮ್ಮ ಕನ್ನಡ ಕತೆಗಳಿಗೆ ಒಂದು ಸಿದ್ಧ ಮಾದರಿಯಿದೆ. ಊರು ಬಿಟ್ಟ ಯುವಕ ದಾರಿ ತಪ್ಪುತ್ತಾನೆ, ಬಡಕಲಾಗಿ ಮರಳುತ್ತಾನೆ, ಕೊನೆಯ ಪುಟದಲ್ಲಿ ಸಾಯುತ್ತಾನೆ. ಅವನನ್ನು ಕೊಂದ ಕಾಯಿಲೆ ಯಾವುದು? ಕತೆ ಹೇಳುವುದಿಲ್ಲ. 'ಮಹಾಮಾರಿ' ಎಂದರೆ ಮುಗಿಯಿತು. ಕತೆ ಬರೆಯುವವರಾಗಿ ನಮ್ಮ ಆಕ್ಷೇಪ ಇರುವುದು ಇಲ್ಲಿಯೇ.

ವೈದ್ಯ ಸಂಶೋಧನೆ ಆರಂಭವಾದದ್ದೇ ಆ ಪ್ರಶ್ನೆಯಿಂದ. 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐವರು ಯುವಕರಲ್ಲಿ ಅಪರೂಪದ ನ್ಯುಮೋನಿಯಾ ಕಂಡ ವರದಿ ಬಂದಾಗ ಎಚ್‌ಐವಿ ಎಂಬ ವೈರಸ್ಸೇ ಗೊತ್ತಿರಲಿಲ್ಲ. ವೈರಸ್ ದೇಹದ ಕಾವಲನ್ನು ಕೆಡವುತ್ತದೆ. ಆಮೇಲೆ ನುಗ್ಗಿ ಕೊಲ್ಲುವುದು ಹೆಚ್ಚಾಗಿ ಬೇರೆ ರೋಗಗಳು: ಕ್ಷಯ, ನ್ಯುಮೋನಿಯಾ, ಮಿದುಳಿನ ಪೊರೆಗೆ ತಗಲುವ ಶಿಲೀಂಧ್ರ. ಇವನ್ನು 'ಅವಕಾಶವಾದಿ ಸೋಂಕು' ಎನ್ನುತ್ತಾರೆ. ಈ ಮೂರಕ್ಕೂ ಮದ್ದಿದೆ. ಆ ನ್ಯುಮೋನಿಯಾವನ್ನು ಕೋಟ್ರೈಮೋಕ್ಸಜೋಲ್ ಎಂಬ ಹಳೆಯ, ಅಗ್ಗದ ಮಾತ್ರೆ ಬಾರದಂತೆಯೇ ತಡೆಯಬಲ್ಲದು.

ರೋಗದ ಹೆಸರು ತಿಳಿದರೆ ಎಷ್ಟು ವ್ಯತ್ಯಾಸವಾಗುತ್ತದೆ? ದಕ್ಷಿಣ ಆಫ್ರಿಕದ ಡರ್ಬನ್‌ನಲ್ಲಿ ಭಾರತೀಯ ಮೂಲದ ಸಲೀಂ ಅಬ್ದುಲ್ ಕರೀಂ ಮತ್ತು ಅವರ ತಂಡ ಎಚ್‌ಐವಿಯೊಂದಿಗೆ ಕ್ಷಯವೂ ಇದ್ದ 642 ಮಂದಿಯ ಮೇಲೆ ಅಧ್ಯಯನ ನಡೆಸಿತು. ಕ್ಷಯದ ಚಿಕಿತ್ಸೆ ಮುಗಿಯಲೆಂದು ಕಾಯದೆ ಎಚ್‌ಐವಿ ಮದ್ದನ್ನೂ ಜೊತೆಗೇ ಕೊಟ್ಟಾಗ ಸಾವಿನ ಪ್ರಮಾಣ ಶೇಕಡಾ 56ರಷ್ಟು ಇಳಿಯಿತು. ಇದು 2010ರಲ್ಲಿ ಪ್ರಕಟವಾಯಿತು. ಹಾಗಾದರೆ ಎಲ್ಲರಿಗೂ ಬೇಗ ಕೊಡೋಣವೇ? 2014ರಲ್ಲಿ ಉಗಾಂಡ, ದಕ್ಷಿಣ ಆಫ್ರಿಕಗಳಿಂದ ಬಂದ ಫಲಿತಾಂಶ ಬೇಡವೆಂದಿತು. ಶಿಲೀಂಧ್ರ ಮಿದುಳಿಗೆ ಹೊಕ್ಕವರಿಗೆ ಒಂದೆರಡು ವಾರದಲ್ಲೇ ಎಚ್‌ಐವಿ ಮದ್ದು ಆರಂಭಿಸಿದಾಗ ಶೇಕಡಾ 45 ಮಂದಿ ಆರು ತಿಂಗಳೊಳಗೆ ತೀರಿಕೊಂಡರು. ಸುಮಾರು ಐದು ವಾರ ಕಾದವರಲ್ಲಿ ಶೇಕಡಾ 30. ಮದ್ದು ಅದೇ, ಆದರೆ ಕ್ಷಯಕ್ಕೆ ಅವಸರ ಬೇಕು, ಇದಕ್ಕೆ ತಾಳ್ಮೆ ಬೇಕು. ಹೆಸರಿಲ್ಲದ 'ಮಹಾಮಾರಿ'ಯಲ್ಲಿ ಈ ವಿವೇಕಕ್ಕೆ ಜಾಗವೆಲ್ಲಿ?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಎಷ್ಟೋ ಮನೆಗಳ ಒಲೆ ಉರಿಯುವುದು ಗಲ್ಫಿನ ದುಡಿಮೆಯಿಂದ. ಆ ದೇಶಗಳ ಕೆಲಸದ ವೀಸಾಕ್ಕೆ ಎಚ್‌ಐವಿ ಪರೀಕ್ಷೆ ಆಗಲೇಬೇಕು. 'ಮೆಡಿಕಲ್‌'ನಲ್ಲಿ ಅನ್‌ಫಿಟ್ ಆದ ಹುಡುಗನಿಗೆ ನಮ್ಮ ಕತೆಗಳು ಉಳಿಸಿರುವುದು ಸಾವೊಂದನ್ನೇ. ಅದನ್ನೇ ನಂಬಿದವನು ಕೆಮ್ಮನ್ನು ಉಮ್ಮನಿಂದಲೂ ಮುಚ್ಚಿಡುತ್ತಾನೆ. ಬೆಳ್ತಂಗಡಿಯಿಂದ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಸುಮಾರು 60 ಕಿಲೋಮೀಟರ್. ಆದರೆ ಅವನನ್ನು ತಡೆಯುವುದು ದೂರಕ್ಕಿಂತ ಹೆಚ್ಚಾಗಿ ಯಾರಾದರೂ ಕಂಡಾರು ಎಂಬ ಅಂಜಿಕೆ. ಅವಕಾಶವಾದಿ ಸೋಂಕಿಗೆ ಇದಕ್ಕಿಂತ ದೊಡ್ಡ ಅವಕಾಶ ಬೇಕೆ?

2004ರ ಏಪ್ರಿಲ್‌ನಿಂದ ಸರಕಾರ ಎಚ್‌ಐವಿ ಮದ್ದನ್ನು ಉಚಿತವಾಗಿ ಕೊಡತೊಡಗಿತು. ರೋಗಿಯ ವಿವರವನ್ನು ಗುಟ್ಟಾಗಿಡಬೇಕೆನ್ನುವ ಕಾಯ್ದೆ 2018ರಲ್ಲಿ ಜಾರಿಗೆ ಬಂತು. ಸಕಾಲದಲ್ಲಿ ಮದ್ದು ಹಿಡಿದವನು ದುಡಿಯುತ್ತಾನೆ, ಮದುವೆಯಾಗುತ್ತಾನೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾನೆ. ಕತೆಗಾರರಿಗೆ ಈ ಬದುಕು ಸಪ್ಪೆಯೆನಿಸುವುದೇಕೆ? ಪಾತ್ರವನ್ನು ಸಾಯಿಸಿ ನೀತಿ ಹೇಳುವುದು ಸುಲಭ. ದಿನಾ ರಾತ್ರಿ ಮಾತ್ರೆ ನುಂಗಿ, ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯುವವನನ್ನು ಬರೆಯುವುದು ಕಷ್ಟ. ನಮ್ಮ ಸಾಹಿತ್ಯಕ್ಕೆ ಈಗ ಬೇಕಿರುವುದು ಅವನ ಕತೆ.